ಅರ್ಧ ಪೇಪರಿನ ವಾಚನಾಲಯ

ನಿವೃತ್ತನಾದವನ ಹತ್ತಿರ ಸಮಯ ಬೇಕಾದಷ್ಟು ಇರುತ್ತದೆ ಎಂದು ಇಡೀ ಜಗತ್ತು ನಂಬಿಕೊಂಡಿದೆ. ಈ ನಂಬಿಕೆ ತಪ್ಪೆಂದು ತಿಳಿಸಿ ಹೇಳಲು ಬೇಕಾದ ಸಮಯ ಮಾತ್ರ ನಿವೃತ್ತನಿಗೆ ಸಿಗುವುದಿಲ್ಲ. ನಾನು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ಮನೆಗೆ ಬಂದವನು. ಬಂದ ಮಾರನೆಯ ದಿನದಿಂದಲೇ ನನ್ನ ಸಮಯ ಊರ ಮುಂದಿನ ಖಾಲಿ ಜಾಗದಂತಾಯಿತು. ಯಾರು ಬೇಕಾದರೂ ಬಂದು ತಮ್ಮ ದನ ಕಟ್ಟಬಹುದು. ಕನ್ಯಾ ನೋಡಲು ಹೋಗುವವರಿಗೆ ಹಿರಿಯರು ಕಡಿಮೆ ಬಿದ್ದರೆ ನಾನು, ಹಿಟ್ಟಿನ ಗಿರಣಿಯಲ್ಲಿ ಪಾಳಿ ಹಿಡಿಯಲು ನಾನು, ಮೊಬೈಲಿಗೆ ಬಂದ ಇಂಗ್ಲಿಷ್ ಮೆಸೇಜು ಓದಿ ಅದು ಮೋಸವೋ ನಿಜವೋ ಹೇಳಲು ನಾನು. ಹೆಂಡತಿ ಸುಮಂಗಲಾ ಇದನ್ನೆಲ್ಲ ಸಂತೋಷದಿಂದಲೇ ನೋಡುತ್ತಿದ್ದಳು. ಏಕೆಂದರೆ ನಾನು ಮನೆಯಲ್ಲಿದ್ದರೆ ಒಗ್ಗರಣೆಗೆ ಸಾಸಿವೆ ಎಷ್ಟು ಹಾಕಬೇಕೆಂಬುದರ ಬಗ್ಗೆ ಅಭಿಪ್ರಾಯ ಹೇಳುತ್ತೇನೆ. ಆದರೆ ಊರಿನ ವಾಚನಾಲಯದ ಇತಿಹಾಸ ಬರೆಯುವ ಕೆಲಸವನ್ನು ನಾನು ಒಪ್ಪಿಕೊಂಡು ಬಂದ ದಿನ ಅವಳು ಕೈಯಲ್ಲಿನ ಲಟ್ಟಣಿಗೆ ಕೆಳಗಿಟ್ಟು, "ಇಷ್ಟ ವರ್ಷ ಸತ್ತ ರಾಜರ ಇತಿಹಾಸ ಕಲಿಸಿ ಬಂದೀರಿ. ಇಲ್ಲೆ ರಾಜರ ಮೊಮ್ಮಕ್ಕಳು ಜೀವಂತ ಅದಾರ. ನೋಡಿಕೊಂಡ ಬರೀರಿ" ಎಂದಳು.

ಊರಿನ ಹೆಸರು ಹೇಳುವುದಿಲ್ಲ. ಸಿಂದಗಿಯಿಂದ ಇಂಡಿಗೆ ಹೋಗುವ ಬಸ್ಸಿನ ಡ್ರೈವರ್ ಚಹಾ ಕುಡಿಯಲು ಇಳಿಯುವ ಊರು ಎಂದರೆ ಸಾಕು. ಆ ದಾರಿಯಲ್ಲಿ ಡ್ರೈವರ್ ಚಹಾ ಕುಡಿಯದ ಊರೇ ಇಲ್ಲವಾದ್ದರಿಂದ ಅನುಮಾನ ಎಲ್ಲರ ಮೇಲೂ ಸಮನಾಗಿ ಹಂಚಿಹೋಗುತ್ತದೆ. ಈ ಊರಿನ ವಾಚನಾಲಯ ಹಳೆಯದು. ಎಷ್ಟು ಹಳೆಯದು ಎಂದು ಕೇಳಿದರೆ ಎಲ್ಲರೂ ಕೈಯನ್ನು ಹಿಂದಕ್ಕೆ ಬೀಸಿ "ಭಾಳ" ಎನ್ನುತ್ತಾರೆ. ಮೊದಲು ಅದು ಚಾವಡಿಯಲ್ಲಿತ್ತು. ಚಾವಡಿಯ ಮಾಳಿಗೆ ಕುಸಿದ ಮೇಲೆ ಮದುವೆ ಮಂಟಪದ ಮೇಲಂತಸ್ತಿಗೆ ಬಂತು. ಅದನ್ನು ಸುವರ್ಣಯುಗ ಎಂದೇ ನಾನು ಕರೆಯುತ್ತೇನೆ. ಮುಹೂರ್ತವಿದ್ದ ದಿನ ಓದುಗರ ಸಂಖ್ಯೆ ಏಕಾಏಕಿ ಏರುತ್ತಿತ್ತು. ಬೆಳಿಗ್ಗೆ ಸಂಪಾದಕೀಯ ಹಿಡಿದು ಕೂತವರು ಕೆಳಗಿನಿಂದ ಗೋದಿ ಹುಗ್ಗಿಯ ವಾಸನೆ ಬರುವವರೆಗೆ ಅಲುಗುತ್ತಿರಲಿಲ್ಲ. ಆಮೇಲೆ ಇಳಿದು ಹೋಗಿ ಪಂಕ್ತಿಯಲ್ಲಿ ಕೂತರೆ ಗಂಡಿನ ಕಡೆಯವರು ಇವರನ್ನು ಹೆಣ್ಣಿನ ಕಡೆಯವರೆಂದೂ, ಹೆಣ್ಣಿನ ಕಡೆಯವರು ಗಂಡಿನ ಕಡೆಯವರೆಂದೂ ತಿಳಿದು ಇಬ್ಬರೂ ಒತ್ತಾಯ ಮಾಡಿ ಬಡಿಸುತ್ತಿದ್ದರು. ಒಮ್ಮೆ ನಮ್ಮ ಪೋಸ್ಟ್ ಮಾಸ್ತರರನ್ನು ಮದುಮಗನ ಸೋದರಮಾವನೆಂದು ತಿಳಿದ ಬೀಗರು ಹಂದರದಲ್ಲಿ ಕೂರಿಸಿ ಮರ್ಯಾದೆಗೆಂದು ಟೊಪಗಿ ತೊಡಿಸಿ ಟವೆಲ್ ಹೊದಿಸಿಬಿಟ್ಟರು. ಅಲ್ಲಗಳೆದರೆ ಮದುವೆಯಲ್ಲಿ ಗದ್ದಲವಾದೀತೆಂದು ಅವರು ಸುಮ್ಮನಿದ್ದು, ಮೇಲೆ ಬಂದು ಆ ದಿನದ ಕ್ರೀಡಾ ಪುಟವನ್ನು ಟೊಪಗಿ ಹಾಕಿಕೊಂಡೇ ಓದಿದರು.

ಮಂಟಪದವರು ಕೊನೆಗೆ ಅಲ್ಲಿಂದ ಎಬ್ಬಿಸಿದ ಮೇಲೆ ವಾಚನಾಲಯ ದನದ ದವಾಖಾನೆಯ ಹಿಂದಿನ ಖೋಲಿಗೆ ಹೋಯಿತು. ಈಗಿನ ಗ್ರಂಥಪಾಲಕಿ ಶಶಿಕಲಾ ಕೆಲಸಕ್ಕೆ ಸೇರಿದ್ದು ಅಲ್ಲಿಗೇ. ನನ್ನ ಕೈಯಲ್ಲೇ ಕಲಿತ ಹುಡುಗಿ, ಇಂಡಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಾಳೆ. ‘ಶಾಂತತೆ ಕಾಪಾಡಿ’ ಎಂಬ ಬೋರ್ಡಿನ ಕೆಳಗೇ ಎಮ್ಮೆಗಳಿಗೆ ಸೂಜಿ ಮಾಡುತ್ತಿದ್ದರು. ಎಮ್ಮೆಗಳು ಆ ಬೋರ್ಡಿಗೆ ಯಾವ ಮರ್ಯಾದೆಯನ್ನೂ ಕೊಡುತ್ತಿರಲಿಲ್ಲ. ಒಂದು ಎಮ್ಮೆಯಂತೂ ಕಿಟಕಿಯಿಂದ ಮುಖ ತೂರಿಸಿ ವಾರದ ಪುರವಣಿಯನ್ನು ಪೂರ್ತಿ ತಿಂದುಹಾಕಿತು. ಅದರ ಮಾಲೀಕ ಬಂದು, ಅದಕ್ಕೆ ಮೊದಲೇ ಹೊಟ್ಟೆ ಕೆಟ್ಟಿತ್ತು, ನೀವು ಏನೇನು ಓದಿಸಿದಿರಿ ಎಂದು ಶಶಿಕಲಾಳ ಮೇಲೆಯೇ ಸಿಟ್ಟಾದ. ಪುಸ್ತಕಗಳಿಗೆಲ್ಲ ಫಿನೈಲಿನ ವಾಸನೆ ಹಿಡಿದಿತ್ತು. ಮನೆಗೆ ಕಾದಂಬರಿ ಒಯ್ದರೆ ನನ್ನ ಹೆಂಡತಿ ಅದನ್ನು ಬಿಸಿಲಿಗೆ ಹಾಕಿದ ಹೊರತು ಒಳಗೆ ಬಿಡುತ್ತಿರಲಿಲ್ಲ.

ಹಾಗೆಂದು ಹೊಸ ಕಟ್ಟಡ ಇರಲಿಲ್ಲವೆಂದಲ್ಲ. ಬಸ್ ಸ್ಟ್ಯಾಂಡಿನ ಎದುರಿಗೆ ದೊಡ್ಡ ಕಿಟಕಿಗಳ ಚೆಂದದ ಕಟ್ಟಡ ಎದ್ದು, ಬಣ್ಣವನ್ನೂ ಬಳಿಸಿಕೊಂಡು, ಬೀಗ ಹಾಕಿಸಿಕೊಂಡು ನಿಂತಿತ್ತು. ಅದಕ್ಕೆ ಯಾರ ಹೆಸರು ಇಡಬೇಕೆಂಬುದು ತೀರ್ಮಾನವಾಗದೆ ಬಾಗಿಲು ತೆರೆದಿರಲಿಲ್ಲ. ವಾಚನಾಲಯವನ್ನು ಹುಟ್ಟುಹಾಕಿದ್ದು ನಮ್ಮ ಅಜ್ಜ ದೊಡ್ಡಗೌಡರು ಎಂದು ನಿಂಗನಗೌಡರು ಹೇಳುತ್ತಿದ್ದರು. ನಮ್ಮ ಅಜ್ಜ ಹಿರೇಸಾವಕಾರರು ಎಂದು ಗುರುಲಿಂಗಪ್ಪ ಸಾವಕಾರರು ಹೇಳುತ್ತಿದ್ದರು. ಇಬ್ಬರೂ ಮೊದಲ ಪುಸ್ತಕಗಳನ್ನು ಸೊಲ್ಲಾಪುರದಿಂದ ತಮ್ಮ ಅಜ್ಜನೇ ಚಕ್ಕಡಿಯಲ್ಲಿ ಹೇರಿಕೊಂಡು ಬಂದನೆನ್ನುತ್ತಿದ್ದರು. ಎತ್ತುಗಳ ಬಣ್ಣದಲ್ಲಿ ಕೂಡ ವ್ಯತ್ಯಾಸವಿರಲಿಲ್ಲ. ವಿಚಿತ್ರವೆಂದರೆ ಇವರಿಬ್ಬರೂ ಜಗಳಗಂಟರಲ್ಲ. ದಿನಾ ಒಂದೇ ಹೋಟೆಲಿನಲ್ಲಿ ಒಂದೇ ಟೇಬಲ್ಲಿಗೆ ಕೂತು ತೊಗರಿಯ ದರದ ಬಗ್ಗೆ ಒಂದೇ ಅಭಿಪ್ರಾಯ ಹೊಂದಿರುವವರು. ಯಾರಾದರೂ ವಾಚನಾಲಯ ಎಂದರೆ ಮಾತ್ರ ತಂತಮ್ಮ ಚಹಾದ ಕಪ್ಪು ಬಸಿ ಎತ್ತಿಕೊಂಡು ಬೇರೆ ಬೇರೆ ಟೇಬಲ್ಲಿಗೆ ಹೋಗುತ್ತಿದ್ದರು. ಅಷ್ಟರಲ್ಲಿ ಮೇಲಿನ ಒಬ್ಬ ಸಾಹೇಬರು ಬಂದು ನೋಡಿ, ಬರುವ ಮುಂಗಾರಿನೊಳಗೆ ಪುಸ್ತಕ ಬಂದು ಕೂರದಿದ್ದರೆ ಈ ಕಟ್ಟಡವನ್ನು ಬೀಜ ಗೊಬ್ಬರ ಇಡಲು ಕೊಡಲಾಗುವುದು ಎಂದು ಹೇಳಿ ಹೋದರು. ಆಗ ಊರವರು ಸೇರಿ, ಇತಿಹಾಸವನ್ನು ಸರಿಯಾಗಿ ಬರೆಸೋಣ, ಅದರಲ್ಲಿ ಯಾರ ಹೆಸರು ಬರುತ್ತದೋ ಅದನ್ನೇ ಇಡೋಣ ಎಂದು ಠರಾವು ಮಾಡಿದರು. ಬರೆಯಲು ನಾನೇ ಯೋಗ್ಯ ಎಂದಾಯಿತು. ನನ್ನ ವಿದ್ವತ್ತಿಗಾಗಿ ಅಲ್ಲ. ನಾನು ಮೂಲದಲ್ಲಿ ಹೂವಿನ ಹಿಪ್ಪರಗಿಯವನು. ಇಲ್ಲಿ ಬಂದು ಮನೆ ಕಟ್ಟಿ, ಮಕ್ಕಳ ಮದುವೆ ಮಾಡಿ, ತಲೆ ಬೆಳ್ಳಗಾದರೂ ಊರಿನ ಪಾಲಿಗೆ ಇನ್ನೂ ಹೊರಗಿನವನು. ಆದ್ದರಿಂದ ನಾನು ಯಾರ ಕಡೆಯವನೂ ಅಲ್ಲವಂತೆ.

ಯಾರ ಕಡೆಯವನೂ ಅಲ್ಲದವನನ್ನು ತಮ್ಮ ಕಡೆಗೆ ಮಾಡಿಕೊಳ್ಳುವ ಕೆಲಸ ಮಾರನೆಯ ದಿನವೇ ಸುರುವಾಯಿತು. ಗೌಡರ ಮನೆಯಿಂದ ಶೇಂಗಾ ಹೋಳಿಗೆ ಬಂದವು. ಸಾವಕಾರರ ಮನೆಯಿಂದ ಎಳ್ಳು ಹೋಳಿಗೆ ಬಂದವು. ನಾನು ಶೇಂಗಾ ಹೋಳಿಗೆಗೆ ಕೈ ಹಾಕಿದಾಗ ಸುಮಂಗಲಾ ತಡೆದು, ಒಂದರ ಮೇಲೆ ಒಂದಿಟ್ಟು ಮಡಚಿ ಕೊಟ್ಟು, ತಿಂದರೆ ಎರಡನ್ನೂ ಕೂಡಿಸಿ ತಿನ್ನಬೇಕು, ಇಲ್ಲದಿದ್ದರೆ ಬಾಯಿಗೆ ಯಾವುದೋ ಒಂದರ ರುಚಿ ಹತ್ತುತ್ತದೆ ಎಂದಳು. ಹೀಗೆ ಇತಿಹಾಸಕಾರನ ನಿಷ್ಪಕ್ಷಪಾತವನ್ನು ಕಾಪಾಡಿದ ಶ್ರೇಯ ಅವಳದು. ಹೊಟ್ಟೆನೋವು ಮಾತ್ರ ನನ್ನದು.

ಮೊದಲು ಗೌಡರ ವಾಡೆಗೆ ಹೋದೆ. ನಿಂಗನಗೌಡರು ಪಡಸಾಲೆಯ ಗೋಡೆಯ ಮೇಲಿದ್ದ ಹಳೆಯ ಫೋಟೋವನ್ನು ತೋರಿಸಿದರು. ವಾಚನಾಲಯ ಸುರುವಾದ ದಿನ ತೆಗೆಸಿದ್ದಂತೆ. ಪಟಗಾ ಸುತ್ತಿದ ದೊಡ್ಡಗೌಡರು ಟೇಬಲ್ಲಿನ ಮುಂದೆ ಕೂತಿದ್ದಾರೆ. ಮುಖ ಗಂಭೀರ, ಮೀಸೆ ಅದಕ್ಕಿಂತ ಗಂಭೀರ. ಒಂದು ಕೈ ಬೆತ್ತದ ಮೇಲೆ, ಇನ್ನೊಂದು ಕೈ ತೊಡೆಯ ಮೇಲೆ. ಮೂರನೆಯ ಕೈ ಟೇಬಲ್ಲಿನ ಮೇಲೆ ಚಾಚಿಕೊಂಡಿತ್ತು. ನಾನು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಬೆರಳಿನಲ್ಲಿ ಹರಳಿನ ಉಂಗುರವಿದ್ದ ದಪ್ಪ ಕೈ ಅದು. ಇದು ಯಾರ ಕೈ ಎಂದು ಮೆಲ್ಲಗೆ ಕೇಳಿದೆ. ನಿಂಗನಗೌಡರು ಹುಟ್ಟಿದಾಗಿನಿಂದ ಆ ಫೋಟೋಕ್ಕೆ ಕೈ ಮುಗಿಯುತ್ತಿದ್ದವರು. ಕೈಗಳನ್ನು ಎಣಿಸುವ ಪ್ರಸಂಗ ಬಂದಿರಲಿಲ್ಲ. ಬಹಳ ಹೊತ್ತು ನೋಡಿ, "ಆಗಿನ ಮಂದಿ ಭಾಳ ಗಟ್ಟಿ ಇದ್ರು ಮಾಸ್ತರ" ಎಂದರು.

ಅಲ್ಲಿಂದ ನೇರ ಸಾವಕಾರರ ಅಂಗಡಿಗೆ ಹೋದೆ. ಗುರುಲಿಂಗಪ್ಪನವರು ಗಾದಿಯ ಹಿಂದಿದ್ದ ಫೋಟೋ ಇಳಿಸಿ, ಧೂಳು ಹೊಡೆದು ಕೈಗೆ ಕೊಟ್ಟರು. ಅದೇ ಟೇಬಲ್ಲು, ಅದೇ ಗೋಡೆ. ಕೋಟು ತೊಟ್ಟ ಹಿರೇಸಾವಕಾರರು ಅಷ್ಟೇ ಗಂಭೀರವಾಗಿ ಕೂತಿದ್ದಾರೆ. ಆದರೆ ಇವರಿಗೆ ಇರುವುದು ಒಂದೇ ಕೈ. ಇನ್ನೊಂದು ಮೊಣಕೈಯವರೆಗೆ ಬಂದು, ಫೋಟೋದ ಅಂಚಿನಲ್ಲಿ ಕೊನೆಗೊಳ್ಳುತ್ತದೆ. ಒಬ್ಬರಿಗೆ ಮೂರು, ಒಬ್ಬರಿಗೆ ಒಂದು. ಕೂಡಿಸಿ ಇಬ್ಬರಿಗೆ ಹಂಚಿದರೆ ಲೆಕ್ಕ ಸರಿಯಾಗುತ್ತದೆ. ಒಂದೇ ಫೋಟೋದ ಎರಡು ಪ್ರತಿ ತರಿಸಿ, ಎರಡೂ ಮನೆಯವರು ಎದುರಿನವರನ್ನು ಕತ್ತರಿಸಿ ಚೌಕಟ್ಟು ಹಾಕಿಸಿದ್ದರು. ಟೇಬಲ್ಲಿನ ಮೇಲೆ ಚಾಚಿದ್ದ ಸಾವಕಾರರ ಕೈ ಮಾತ್ರ ಕತ್ತರಿಗೆ ಸಿಗದೆ ಗೌಡರ ಮನೆಯಲ್ಲಿ ಉಳಿದು, ಇಷ್ಟು ವರ್ಷ ಅಲ್ಲಿಯ ಪೂಜೆ, ಊದುಬತ್ತಿ ತೆಗೆದುಕೊಳ್ಳುತ್ತಿತ್ತು. ಅಂದರೆ ಆ ದಿನ ಅಜ್ಜಂದಿರಿಬ್ಬರೂ ಎದುರುಬದುರು ಕೂತಿದ್ದರು. ಏಕೆ ಕೂತಿದ್ದರು ಎಂಬುದನ್ನು ಹೇಳುವವರು ಬೇಕಿತ್ತು. ಆ ಕಾಲದಲ್ಲಿ ವಾಚನಾಲಯವನ್ನು ನೋಡಿಕೊಳ್ಳುತ್ತಿದ್ದವನು ಸಿದ್ರಾಮ ಎಂಬವನೆಂದೂ, ಅವನ ಮಗಳು ಗಂಗವ್ವ ಯಂಕಂಚಿಯಲ್ಲಿ ಇನ್ನೂ ಇದ್ದಾಳೆಂದೂ ಹೋಟೆಲಿನಲ್ಲಿ ಯಾರೋ ಹೇಳಿದರು. ಶಶಿಕಲಾಳನ್ನು ಕರೆದುಕೊಂಡು ಹೊರಟೆ.

ಗಂಗವ್ವ ಮೊಮ್ಮಗನ ಮನೆಯ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ಹಲ್ಲಿಲ್ಲದ್ದರಿಂದ ಅವಳು ಅವನ್ನು ತಿನ್ನುವುದಿಲ್ಲ. ಆದರೆ ಸುಲಿಯುವುದನ್ನು ಬಿಟ್ಟರೆ ಮಾತು ಬರುವುದಿಲ್ಲವಂತೆ. ನಮ್ಮ ಮುಂದೆಯೂ ಒಂದು ರಾಶಿ ಸುರಿದು, ಸುಲಿಯಲು ಹಚ್ಚಿ, ಹೇಳತೊಡಗಿದಳು. ಅವಳ ತಂದೆ ಕುರಿ ಕಾಯುವವರ ಪೈಕಿ, ಅಕ್ಷರ ಬರುತ್ತಿರಲಿಲ್ಲ. ಆಗ ಊರಿಗೆ ಬರುತ್ತಿದ್ದದ್ದು ಒಂದೇ ಒಂದು ಪೇಪರು. ಹುಬ್ಬಳ್ಳಿಯಲ್ಲಿ ಅಚ್ಚಾಗಿ ವಿಜಾಪುರಕ್ಕೆ ಬಂದು, ಅಲ್ಲಿಂದ ಸಂಜೆಯ ಬಸ್ಸಿನಲ್ಲಿ ಬರುತ್ತಿತ್ತು. ಕಂಡಕ್ಟರ್ ಎದುರಿಗೆ ಸಿಕ್ಕವರ ಕೈಗೆ ಅದನ್ನು ಕೊಡುತ್ತಿದ್ದ. ಗೌಡರಿಗೂ ಸಾವಕಾರರಿಗೂ ತಾವೇ ಮೊದಲು ಓದಬೇಕೆಂಬ ಹಟ. ಇಬ್ಬರೂ ಆಳುಗಳನ್ನು ಕಳಿಸಿದರು, ಆಳುಗಳು ಬಡಿದಾಡಿದರು. ಆಮೇಲೆ ತಾವೇ ಬಂದು ನಿಂತರು. ಒಂದು ಸಂಜೆ ಕಂಡಕ್ಟರನ ಕೈಯಲ್ಲಿದ್ದ ಪೇಪರನ್ನು ಇಬ್ಬರೂ ಒಟ್ಟಿಗೆ ಹಿಡಿದರು. ಯಾರೂ ಬಿಡಲಿಲ್ಲ. ಪೇಪರು ಹರಿದು ಎರಡಾಯಿತು. ದೇಶ ವಿದೇಶದ ಸುದ್ದಿ ಗೌಡರ ವಾಡೆಗೆ ಹೋಯಿತು, ಪೇಟೆ ಧಾರಣಿ ಸಾವಕಾರರ ಅಂಗಡಿಗೆ ಹೋಯಿತು. ಗೌಡರಿಗೆ ಜೋಳದ ದರ ತಿಳಿಯದೆ, ಸಾವಕಾರರಿಗೆ ಮಂತ್ರಿ ಯಾರೆಂದು ತಿಳಿಯದೆ ರಾತ್ರಿ ಇಬ್ಬರಿಗೂ ನಿದ್ದೆ ಬರಲಿಲ್ಲ.

ಪಂಚರು ಸೇರಿ ನ್ಯಾಯ ಮಾಡಿದರು. ಪೇಪರು ಚಾವಡಿಗೆ ಬರಬೇಕು. ಅದನ್ನು ಓದುಬರಹ ಇಲ್ಲದ ಒಬ್ಬನ ಕೈಯಲ್ಲಿ ಇಡಬೇಕು. ಓದಿದವನನ್ನು ಇಟ್ಟರೆ ಏನಾಗುತ್ತಿತ್ತು ಎಂದು ಶಶಿಕಲಾ ಕೇಳಿದಳು.

"ಓದಾಕ ಬರತಿದ್ರ ಅವನ ಮೊದಲ ಓದಿಬಿಡ್ತಿದ್ದನಲ್ಲವಾ. ಅಲ್ಲಿಗೆ ಮೂರನೇ ಜಗಳ. ಅದಕ ನಮ್ಮಪ್ಪನ್ನ ಹುಡಿಕ್ಯಾರ" ಎಂದಳು ಗಂಗವ್ವ.

ಗ್ರಂಥಾಲಯ ವಿಜ್ಞಾನದಲ್ಲಿ ಪದವಿ ಪಡೆದ ಶಶಿಕಲಾ ಸುಲಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಗಂಗವ್ವ ಮುಂದುವರಿಸಿದಳು. ಚಾವಡಿಯಲ್ಲಿ ಒಂದು ಟೇಬಲ್ಲು, ಎರಡೂ ಕಡೆ ಎರಡು ಖುರ್ಚಿ. ಸಿದ್ರಾಮ ಪೇಪರಿನ ಹಾಳೆಗಳನ್ನು ಬಿಡಿಸಿ ಇಬ್ಬರಿಗೂ ಅರ್ಧರ್ಧ ಕೊಡುತ್ತಿದ್ದ. ಅವನು ಕೆಮ್ಮಿದಾಗ ಇಬ್ಬರೂ ಅದಲುಬದಲು ಮಾಡಿಕೊಳ್ಳಬೇಕು. ಆದರೆ ಒಂದೊಂದು ಸುದ್ದಿ ಮೊದಲ ಪುಟದಲ್ಲಿ ಸುರುವಾಗಿ ಒಳಗಿನ ಪುಟದಲ್ಲಿ ಮುಗಿಯುತ್ತಿತ್ತು, ಆ ಪುಟ ಎದುರಿನವರ ಕೈಯಲ್ಲಿ ಇರುತ್ತಿತ್ತು. ಒಬ್ಬರಿಗೊಬ್ಬರು ಮಾತಾಡುವಂತಿಲ್ಲ. ಹೀಗಾಗಿ ಸಿದ್ರಾಮ ನಡುವೆ ನಿಂತು, ಸಾವಕಾರರೇ, ಆ ಕಳ್ಳ ಸಿಕ್ಕನೋ ಇಲ್ಲವೋ ಎಂದು ಗೌಡರು ಕೇಳುತ್ತಿದ್ದಾರೆ ಎನ್ನುತ್ತಿದ್ದ. ಸಿಕ್ಕ ಎಂದು ಹೇಳು, ಆದರೆ ಎಲ್ಲಿ ಸಿಕ್ಕ ಎಂದು ಹೇಳಬೇಡ ಎಂದು ಸಾವಕಾರರು ಹೇಳುತ್ತಿದ್ದರು. ಎದುರಿನವರ ಓದು ಕೆಡಿಸಬೇಕೆಂದು ಇಬ್ಬರೂ ಗಟ್ಟಿಯಾಗಿ ಓದತೊಡಗಿದರು. ಗಟ್ಟಿಯಾಗಿ ಓದಿದ್ದನ್ನು ಕೇಳಲು ಊರ ಮಂದಿ ಸೇರತೊಡಗಿದರು. ಕೂರಲು ಗೌಡರು ಒಂದು ಬೆಂಚು ಕೊಟ್ಟರು. ಸಾವಕಾರರು ಅದಕ್ಕಿಂತ ಉದ್ದನೆಯ ಬೆಂಚು ಕೊಟ್ಟರು. ಗೌಡರು ಪುಸ್ತಕ ತರಿಸಿದರು. ಸಾವಕಾರರು ಪುಸ್ತಕವನ್ನು ಕಪಾಟಿನ ಸಮೇತ ತರಿಸಿದರು. ನಮ್ಮೂರಿಗೆ ಜ್ಞಾನ ಬಂದದ್ದು ಹೀಗೆ.

ಗಂಗವ್ವ ಇನ್ನೊಂದು ಮಾತು ಹೇಳಿದಳು. ದೊಡ್ಡಗೌಡರು ತೀರಿಕೊಂಡು ಮಣ್ಣಾದ ಮಾರನೆಯ ಸಂಜೆ ಹಿರೇಸಾವಕಾರರು ಎಂದಿನಂತೆ ಬಂದು ತಮ್ಮ ಖುರ್ಚಿಯಲ್ಲಿ ಕೂತರು. ಸಿದ್ರಾಮನಿಗೆ ಏನು ಮಾಡಬೇಕೆಂದು ತಿಳಿಯದೆ, ಪದ್ಧತಿಯಂತೆ ಅರ್ಧ ಪೇಪರು ಈ ಕಡೆ, ಅರ್ಧ ಆ ಕಡೆ ಇಟ್ಟ. ಸಾವಕಾರರು ತಮ್ಮ ಅರ್ಧ ಓದಿ ಮುಗಿಸಿದರು. ಸಿದ್ರಾಮ ಕೆಮ್ಮಿದ. ಅವರು ಆ ಕಡೆಯ ಅರ್ಧಕ್ಕೆ ಕೈ ಹಾಕಲಿಲ್ಲ.

"ಇನ್ನೊಮ್ಮೆ ಕೆಮ್ಮಿದನಂತ ನಮ್ಮಪ್ಪ" ಎಂದಳು ಗಂಗವ್ವ. "ಸಾವಕಾರ್ರು, ಇರ್ಲಿ ಬಿಡೋ, ಅವ ಇನ್ನಾ ಓದಾಕತ್ತಾನ ಅಂದ್ರಂತ. ಮುಂದ ಅವರು ಇರೂತನಾ ಪೂರಾ ಪೇಪರ ಓದಲೇ ಇಲ್ಲ."

ನಮ್ಮ ಮುಂದಿನ ರಾಶಿಯನ್ನು ಪೂರ್ತಿ ಸುಲಿದುಕೊಟ್ಟು ನಾನೂ ಶಶಿಕಲಾಳೂ ವಾಪಸು ಬಸ್ಸು ಹಿಡಿದೆವು.

ಇತಿಹಾಸವನ್ನು ಬರೆದು ಮುಗಿಸಿ, ಊರವರ ಸಭೆಯಲ್ಲಿ ಓದಿದೆ. ಸಭೆ ದನದ ದವಾಖಾನೆಯ ಅಂಗಳದಲ್ಲೇ ಸೇರಿತ್ತು. ಎದುರು ಸಾಲಿನ ಒಂದು ತುದಿಗೆ ನಿಂಗನಗೌಡರು, ಇನ್ನೊಂದು ತುದಿಗೆ ಗುರುಲಿಂಗಪ್ಪನವರು. ಫೋಟೋದ ಮೂರು ಕೈಗಳ ಪ್ರಸಂಗ ಬಂದಾಗ ದನಿ ತಗ್ಗಿಸಿ ಬೇಗ ಬೇಗ ಓದಿದೆ. ಪೇಪರು ಹರಿದ ಭಾಗ ಓದುವಾಗ ಹೆಂಡತಿ ಅಂಗಳದ ಹಿಂದಿನ ಗೇಟು ಎಲ್ಲಿದೆಯೆಂದು ನೋಡಿಟ್ಟುಕೊಂಡಳು. ಸಾವಕಾರರು ಅರ್ಧ ಪೇಪರು ಬಿಟ್ಟು ಎದ್ದುಹೋದದ್ದನ್ನು ಓದಿದಾಗ ಇಬ್ಬರೂ ತಲೆ ತಗ್ಗಿಸಿದ್ದರು. ಗುರುಲಿಂಗಪ್ಪನವರು ಟವೆಲಿನಿಂದ ಮೂಗು ಒರೆಸಿಕೊಂಡರು. ಒಬ್ಬ ಇತಿಹಾಸಕಾರನಾಗಿ ನನ್ನ ಜೀವನದ ಅತ್ಯುನ್ನತ ಕ್ಷಣ ಅದು. ಬಹಳ ಹೊತ್ತು ಇರಲಿಲ್ಲ.

ನಿಂಗನಗೌಡರು ಎದ್ದು ನಿಂತು, "ಎಲ್ಲಾ ಖರೇ ಐತಿ ಮಾಸ್ತರ. ಒಂದ ಬಿಟ್ಟೀರಿ. ಜಗಳಾ ಮೊದಲ ತಗದವ್ರು ಯಾರು?" ಎಂದರು.

ಅದು ಯಾರಿಗೂ ಗೊತ್ತಿಲ್ಲವೆಂದೆ. ಗೊತ್ತಿಲ್ಲವೆಂದರೆ ಹೇಗೆ, ಜಗಳದಿಂದಲೇ ವಾಚನಾಲಯ ಹುಟ್ಟಿತೆಂದ ಮೇಲೆ ಜಗಳ ತೆಗೆದವರೇ ಸಂಸ್ಥಾಪಕರಲ್ಲವೇ ಎಂದರು ಗೌಡರು. ತಮ್ಮ ಅಜ್ಜನ ಸಿಟ್ಟು ಸುತ್ತಿನ ಹಳ್ಳಿಗೆಲ್ಲ ಹೆಸರುವಾಸಿಯಾಗಿತ್ತೆಂದೂ ಸೇರಿಸಿದರು. ಗುರುಲಿಂಗಪ್ಪನವರು ಬಿಡುತ್ತಾರೆಯೇ? ತಮ್ಮ ಅಜ್ಜ ಮನೆಯ ಹೆಂಚಿನ ಮೇಲೆ ಕಾಗೆ ಕೂತರೂ ಕಾಲು ಕೆರೆದು ಜಗಳಕ್ಕೆ ಹೋಗುತ್ತಿದ್ದರು, ಪೇಪರು ಬಿಟ್ಟಾರೆಯೇ ಎಂದು ಕೇಳಿದರು. ನೋಡನೋಡುತ್ತ ಎರಡೂ ಕಡೆಯವರು ತಮ್ಮ ತಮ್ಮ ಹಿರಿಯರು ಎಷ್ಟು ಕೆಟ್ಟವರಾಗಿದ್ದರು ಎಂಬುದಕ್ಕೆ ಸಾಕ್ಷಿ ಕೊಡತೊಡಗಿದರು. ದೊಡ್ಡಗೌಡರು ಅಳಿಯನ ಜೊತೆ ಉಪ್ಪಿನಕಾಯಿಗಾಗಿ ಮಾತು ಬಿಟ್ಟದ್ದು, ಹಿರೇಸಾವಕಾರರು ದೇವರ ಗುಡಿಯಲ್ಲಿ ಗಂಟೆ ಬಾರಿಸುವ ಪಾಳಿಗಾಗಿ ಪೂಜಾರಿಯ ಶಲ್ಯ ಹಿಡಿದದ್ದು ಎಲ್ಲ ಹೊರಬಂದವು. ಹಿರಿಯರ ಮರ್ಯಾದೆ ಉಳಿಸಲು ಕರೆದ ಸಭೆಯಲ್ಲಿ ಅದು ಚೂರೂ ಉಳಿಯಲಿಲ್ಲ.

ಕೊನೆಗೆ ಶಶಿಕಲಾ ಎದ್ದಳು. ಅವಳು ಸಭೆಯಲ್ಲಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲವಾದ್ದರಿಂದ ಎಲ್ಲರೂ ಸುಮ್ಮನಾದರು. "ಹೆಸರ ಯಾರದರ ಇಡ್ರಿ, ಮೊದಲ ಜಗಳಾ ಯಾರರ ತಗದಿರ್ಲಿ" ಎಂದಳು. "ನನಗ ಎಮ್ಮಿ ಇಲ್ಲದ್ದೊಂದ ಖೋಲಿ ಕೊಡ್ರಿ. ಮಳಿ ಬರಾಕತ್ತೈತಿ."

ನಿಜವಾಗಿಯೂ ಪಡುವಣದಲ್ಲಿ ಮೋಡ ಎದ್ದಿತ್ತು. ಬೀಜ ಗೊಬ್ಬರದ ನೆನಪಾಗಿ ಎಲ್ಲರ ಜಗಳದ ಉಮೇದು ಇಳಿಯಿತು. ಆದರೂ ಬೋರ್ಡಿನ ಮೇಲೆ ಇಬ್ಬರ ಹೆಸರೂ ಇರಲಿ ಎಂದರೆ ಯಾರದು ಮೊದಲು ಎಂಬ ಪ್ರಶ್ನೆ ಇತ್ತು. ಆಗ ಸುಮಂಗಲಾ, ರೊಟ್ಟಿಗೆ ಮೊದಲು ಯಾವುದು ಕೊನೆ ಯಾವುದು, ಬೋರ್ಡನ್ನು ದುಂಡಗೆ ಮಾಡಿಸಿ ಎಂದಳು. ನಡುವೆ ಸಿದ್ರಾಮನ ಹೆಸರಿರಲಿ ಎಂದು ನಾನು ಹೇಳಿದೆ. ಇಬ್ಬರೂ ಕೂಡಲೇ ಒಪ್ಪಿದರು. ಅವನು ಇದ್ದದ್ದು ನಡುವೆಯೇ ಎಂಬುದರ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ಮುದ್ದೇಬಿಹಾಳದಿಂದ ಬಂದ ಪೇಂಟರ್ ಚಕ್ಕಡಿಯ ಗಾಲಿಯಷ್ಟು ದೊಡ್ಡ ತಗಡಿನ ಮೇಲೆ ಎರಡು ಹೆಸರುಗಳನ್ನು ಒಂದರ ಬಾಲಕ್ಕೆ ಒಂದು ಹತ್ತುವಂತೆ ಸುತ್ತಲೂ ಬರೆದ. ಕೆಳಗಿನ ಅಕ್ಷರಗಳು ತಲೆಕೆಳಗಾದವು. ಬಸ್ಸಿನಲ್ಲಿ ಹೋಗುವವರು ಅದನ್ನು ಓದಲು ಕುತ್ತಿಗೆ ತಿರುವುತ್ತಾರೆ. ಟಾಯರ್ ಅಂಗಡಿಯೆಂದು ತಿಳಿದು ಒಬ್ಬ ಲಾರಿ ಡ್ರೈವರ್ ಮೊದಲ ವಾರದಲ್ಲೇ ಪಂಕ್ಚರ್ ತೆಗೆಸಲು ಬಂದ. ಗಾಳಿ ಸಿಗದ್ದರಿಂದ ನಿರಾಶನಾಗಿ, ಫ್ಯಾನಿನ ಕೆಳಗೆ ಕೂತು ಪೇಪರು ಓದಿ ಹೋದ. ಈಗ ಆ ದಾರಿಯಲ್ಲಿ ಬಂದಾಗಲೆಲ್ಲ ಒಳಗೆ ಬರುತ್ತಾನೆ.

ಬಾಗಿಲು ತೆರೆಯಲು ಯಾವ ಸಾಹೇಬರನ್ನೂ ಕರೆಯಲಿಲ್ಲ, ಗಂಗವ್ವನನ್ನು ಕರೆತಂದರು. ಅವಳು ಟೇಬಲ್ಲುಗಳ ಮೇಲೆ ಹರಡಿದ್ದ ಹತ್ತಾರು ಪೇಪರುಗಳನ್ನು ನೋಡಿ ಚಿಂತೆಗೊಳಗಾದಳು. "ಇಷ್ಟ ಪೇಪರ ಇದ್ರ ಹ್ಯಾಂಗರಿ ಜಗಳಾ ಮಾಡ್ತೀರಿ?" ಎಂದು ಕೇಳಿದಳು. ಗೌಡರೂ ಸಾವಕಾರರೂ ಅವಳ ಎರಡೂ ಕೈ ಹಿಡಿದು ಖುರ್ಚಿಯಲ್ಲಿ ಕೂರಿಸಿದರು. ಯಾವ ಕೈಯನ್ನು ಯಾರು ಹಿಡಿದರೆಂದು ನಾನು ಎಲ್ಲಿಯೂ ಬರೆದಿಟ್ಟಿಲ್ಲ.

ನಾನು ಬರೆದ ಇತಿಹಾಸವನ್ನು, ಕೊನೆಗೆ ಬೋರ್ಡಿನ ಪ್ರಸಂಗವನ್ನೂ ಸೇರಿಸಿಕೊಟ್ಟ ಮೇಲೆ, ಸಣ್ಣ ಪುಸ್ತಕ ಮಾಡಿ ಅಚ್ಚು ಹಾಕಿಸಿದರು. ಮೊನ್ನೆ ವಾಚನಾಲಯಕ್ಕೆ ಹೋದಾಗ ಅದು ಹೇಗೆ ಓದಿಸಿಕೊಳ್ಳುತ್ತಿದೆಯೆಂದು ತಿಳಿಯುವ ಆಸೆಯಾಗಿ, ಆಸೆ ಇಲ್ಲದವನಂತೆ ಅಡ್ಡಾಡುತ್ತ ಇತಿಹಾಸದ ಕಪಾಟಿನ ಮುಂದೆ ನಿಂತೆ. ಪುಸ್ತಕ ಕಾಣಲಿಲ್ಲ. ಶಶಿಕಲಾಳನ್ನು ಕೇಳಿದರೆ ಸ್ವಲ್ಪ ಸಂಕೋಚಪಟ್ಟಳು. ಇತಿಹಾಸವೆಂದು ಇಟ್ಟರೆ ಎರಡೂ ಮನೆಯವರು ಬಂದು ಅದು ಬಿಟ್ಟಿದೆ, ಇದು ತಪ್ಪಿದೆ ಎಂದು ತಕರಾರು ಮಾಡುತ್ತಿದ್ದರಂತೆ. ಅದಕ್ಕೆ ಅವಳು ಅದನ್ನು ಕಥೆಗಳ ಕಪಾಟಿಗೆ ಹಾಕಿದ್ದಳು. ಅಲ್ಲಿಗೆ ಹಾಕಿದ ಮೇಲೆ ತಕರಾರು ನಿಂತಿತು, ಓದುವವರೂ ಹೆಚ್ಚಾದರು. ಗೌಡರ ಸೊಸೆ ಎರಡು ಸಲ ಒಯ್ದಿದ್ದಾಳಂತೆ. ನನಗೆ ಸಿಟ್ಟು ಬರಬೇಕೋ ಸಂತೋಷವಾಗಬೇಕೋ ತಿಳಿಯಲಿಲ್ಲ. ಓದಿದವರು ಏನಂದರು ಎಂದು ಕೇಳಿದೆ.

"ಚಲೋ ಐತಿ ಅಂತಾರ್ರಿ ಸರ್" ಎಂದಳು ಶಶಿಕಲಾ. "ಆದ್ರ ಪರ ಊರಾಗ ಓದಿದವ್ರು ಆ ದುಂಡನ ಬೋರ್ಡಿನ ಮಾತ ಯಾರೂ ನಂಬಂಗಿಲ್ರಿ. ಕಡೀಕ ಸ್ವಲ್ಪ ಸುಳ್ಳ ಹಾಕ್ಯಾರ ಅಂತಾರ."

ಜೀವಮಾನವಿಡೀ ಇತಿಹಾಸದಲ್ಲಿ ನಡೆದದ್ದನ್ನು ನಡೆದಂತೆಯೇ ಬರೆಯಬೇಕು, ಅಕ್ಷರ ಬದಲಿಸಬಾರದು ಎಂದು ಮಕ್ಕಳಿಗೆ ಬಡಿದು ಕಲಿಸಿದವನು ನಾನು. ಎರಡನೆಯ ಮುದ್ರಣದಲ್ಲಿ ಬೋರ್ಡನ್ನು ಚೌಕ ಮಾಡಿಬಿಡಲೇ ಎಂದು ಈಗ ಯೋಚಿಸುತ್ತಿದ್ದೇನೆ.